ಮೇಲಂತಸ್ತಿನ ಕೋಣೆಗೆ ಕೊಟ್ಟದ್ದು

ಹಡಗು ಬರೋ ಕಾಲ ಹತ್ತಿರವಾಯ್ತು ಅಂದ್ರೆ ನಮ್ಮನೆ ಜಗಲಿ ಮೇಲೆ ಜನ ಜಾಸ್ತಿ. "ಕಾಳಮ್ಮಾ, ನೀವು ಹೋಗಿ ಬಂದೋರು, ನೀವೇ ಹೇಳಿ. ಮೇಲಂತಸ್ತಿನ ಕೋಣೆ ತಗೊಂಡರೆ ಕೊಟ್ಟಿದ್ದಕ್ಕೆ ಮೋಸ ಇಲ್ವಾ, ಇಲ್ಲ ಕೆಳಗಿಂದೇ ಸಾಕಾ?" ಅಂತ ಕೇಳ್ತಾರೆ. ಕೂರಿಸ್ತೀನಿ, ಕಾಫಿ ಕೊಡ್ತೀನಿ. ಆದರೆ ಹೌದು, ಇಲ್ಲ ಅಂತ ಒಂದೇ ಮಾತಲ್ಲಿ ಮುಗಿಸೋದು ನನ್ನ ಜಾಯಮಾನ ಅಲ್ಲ. ನನ್ನ ಬಾಯಿ ಜೋರು, ಶುರು ಮಾಡಿದರೆ ನಿಲ್ಲಿಸಲ್ಲ ಅಂತ ಊರಿಗೇ ಗೊತ್ತು. ಕೇಳಿದ ಮೇಲೆ ಪೂರ್ತಿ ಕೇಳಿಸಿಕೊಂಡೇ ಏಳಬೇಕು. ನೀವೂ ಅಷ್ಟೇ.

ನಮ್ಮೂರಲ್ಲಿ ಉಪ್ಪು, ಬೆಲ್ಲ, ಬೆಂಕಿಪೊಟ್ಟಣಕ್ಕೆಲ್ಲ ದುಡ್ಡು ನಡೆಯುತ್ತೆ. ದೊಡ್ಡದು ಯಾವುದಕ್ಕೂ ನಡೆಯಲ್ಲ. ಮನೆ, ಜಾಗ, ಜೀಪು, ಹಡಗಿನ ಪ್ರಯಾಣ, ಇದಕ್ಕೆಲ್ಲ ನಾಲಿಗೆಯಿಂದ ಕೊಡಬೇಕು. ನಿಮಗಿಷ್ಟವಾದ ತಿನಿಸು ಒಂದನ್ನ ತಂದು ಹೊಳೆದಂಡೆ ಕಚೇರಿಯ ತಕ್ಕಡಿಯಲ್ಲಿಡಬೇಕು. ಆ ತಟ್ಟೆಯಲ್ಲಿ ಬೆಲೆಯ ಕಲ್ಲು, ಈ ತಟ್ಟೆಯಲ್ಲಿ ನಿಮ್ಮ ತುತ್ತು. ಅದರ ಮೇಲೆ ನಿಮಗೆ ನಿಜವಾಗಿ ಎಷ್ಟು ಆಸೆಯೋ ತುತ್ತು ಅಷ್ಟೇ ತೂಗುತ್ತೆ. ಕಲ್ಲು ಮೇಲೆದ್ದರೆ ವ್ಯಾಪಾರ ಕುದುರಿತು. ಒಪ್ಪಿಗೆಯಾದರೆ ಆ ತುತ್ತನ್ನ ಅಲ್ಲೇ ಕೂತು ತಿನ್ನಬೇಕು. ಅದೇ ಕೊನೇದು. ಆಮೇಲೆ ಸಾಯೋತನಕ ಆ ತಿನಿಸು ನಿಮ್ಮ ಬಾಯಿಗೆ ಸುಣ್ಣ ಅಗಿದ ಹಾಗೆ.

ಹಲಸಿನಹಣ್ಣು ಬಿಟ್ಟು ಮನೆ ಕಟ್ಟಿದವರಿದ್ದಾರೆ. ನಮ್ಮ ನಾದಿನಿ ಹುಣಸೆ ಗೊಜ್ಜು ಬಿಟ್ಟು ಹೊಲಿಗೆ ಮಷೀನು ತಗೊಂಡಳು. ಮದುವೆ ಮನೆಯಲ್ಲಿ ಬಡಿಸೋರು ಪಂಕ್ತಿ ಉದ್ದಕ್ಕೂ "ಇವರು ಕೋಸಂಬರಿ ಬಿಟ್ಟೋರು, ಇವರಿಗೆ ಹಪ್ಪಳ ಬೇಡ" ಅಂತ ಮುಖ ನೋಡಿಕೊಂಡೇ ಬಡಿಸ್ತಾ ಹೋಗ್ತಾರೆ. ತಕ್ಕಡಿಗೆ ಮೋಸ ಮಾಡೋಕಾಗಲ್ಲ. ಹಿಂದೆ ಒಬ್ಬ ಮಹಾನುಭಾವ, ಹೋದರೆ ಹೋಗಲಿ ಪೀಡೆ ಅಂತ ಹಾಗಲಕಾಯಿ ಪಲ್ಯ ತಂದಿಟ್ಟ. ಕಲ್ಲು ದಬಕ್ಕನೆ ಎದ್ದುಬಿಡ್ತು. ತನಗೆ ಹಾಗಲಕಾಯಿ ಅಂದ್ರೆ ಪ್ರಾಣ ಅಂತ ಅವನಿಗೇ ಗೊತ್ತಿರಲಿಲ್ಲ. ಈಗಲೂ ಸಂತೇಲಿ ಹಾಗಲಕಾಯಿ ಗುಡ್ಡೆ ಕಂಡರೆ ನಿಂತು ನಿಟ್ಟುಸಿರು ಬಿಡ್ತಾನೆ.

ನಮ್ಮ ಯಜಮಾನರ ಹೆಸರು ಮೌನಾಚಾರಿ. ಪೇಟೆ ಬೀದೀಲಿ ಇವರದ್ದು ಫೋಟೋ ಸ್ಟುಡಿಯೋ. ಈಗ ಮಗ ಮನೋಹರ ನೋಡಿಕೊಳ್ತಾನೆ. ಸ್ಟುಡಿಯೋ ಹಿಂದಿನ ಗೋಡೆಗೆ ಒಂದು ದೊಡ್ಡ ಪರದೆ. ಅದರ ಮೇಲೆ ಸಮುದ್ರ, ಇವರೇ ಕೈಯಾರೆ ಬರೆದದ್ದು. ನಮ್ಮೂರಿಂದ ಸಮುದ್ರ ಎಲ್ಲೋ ದೂರ. ಮಳೆಗಾಲ ಮುಗಿದು ಹೊಳೆ ತುಂಬಿದಾಗ ವರ್ಷಕ್ಕೊಂದು ಸಲ ಹಡಗು ಮೇಲಕ್ಕೆ ಬರುತ್ತೆ, ಜನರನ್ನ ಹತ್ತಿಸಿಕೊಂಡು ಸಮುದ್ರ ಸುತ್ತಿಸಿ ವಾಪಸ್ ತಂದು ಬಿಡುತ್ತೆ. ಊರಲ್ಲಿ ಯಾವ ಮದುಮಗ, ಯಾವ ಕೂಸು, ಯಾವ ಮುದುಕಿ ಈ ಪರದೆ ಮುಂದೆ ನಿಂತಿಲ್ಲ ಹೇಳಿ? ಎಲ್ಲರ ಮನೆ ಗೋಡೆ ಮೇಲೂ ಇವರ ಸಮುದ್ರ ಇದೆ. ಅದನ್ನ ಬರೆದ ಇವರೇ ಸಮುದ್ರ ನೋಡಿರಲಿಲ್ಲ.

ಯಾಕೆ ಹೋಗಲಿಲ್ಲ ಅಂದ್ರೆ, ಮೊದಲು ಸ್ಟುಡಿಯೋ ಜಾಗಕ್ಕೆ ಅಂತ ಕಡುಬು ಬಿಟ್ಟರು, ಕ್ಯಾಮೆರಾಕ್ಕೆ ಅಂತ ಒಬ್ಬಟ್ಟಿನ ಸಾರು ಬಿಟ್ಟರು, ಮಗನ ಓದಿಗೆ ಅಂತ ಸೀಬೆಹಣ್ಣು ಬಿಟ್ಟರು. ಹಡಗಿಗೆ ಅಂತ ಉಳಿಸಿಕೊಂಡಿದ್ದು ಅವರೇಕಾಳಿನ ಹುಳಿ ಒಂದೇ. ಹೋದ ವರ್ಷ ಕೆಟ್ಟ ಜ್ವರ ಬಂತು ನೋಡಿ, ಜ್ವರ ಬಿಟ್ಟು ಹೋಗೋವಾಗ ನಾಲಿಗೆಯ ರುಚೀನೂ ಕಟ್ಟಿಕೊಂಡು ಹೋಯ್ತು. ಆಮೇಲೆ ಇವರಿಗೆ ಉಪ್ಪೂ ಒಂದೇ, ಸಕ್ಕರೇನೂ ಒಂದೇ. ಹೊಟ್ಟೆ ತುಂಬಿಸಬೇಕಲ್ಲ ಅಂತ ನಾಲ್ಕು ತುತ್ತು ನುಂಗಿ ಏಳ್ತಿದ್ದರು. ಕೊಡೋಕೆ ಏನೂ ಇಲ್ಲದ ಮನುಷ್ಯ ಆಗಿಬಿಟ್ಟರು. ಜ್ವರದ ಜೊತೆಗೇ ಮಂಡಿನೂ ಕೂತು ಹೋಗಿತ್ತು. ಮಂಚದಿಂದ ಜಗಲಿಗೆ ಬರೋದೇ ಒಂದು ಯಾತ್ರೆ.

ಅದನ್ನ ನೋಡಲಾರದೆ ಮನೋಹರ ಯಾರಿಗೂ ಹೇಳದೆ ಹೋಗಿ, ಮಸಾಲೆ ದೋಸೆ ಬಿಟ್ಟು, ನಮ್ಮಿಬ್ಬರಿಗೂ ಹಡಗಿನ ಟಿಕೆಟ್ಟು ತಂದ. ಬೆಳಗ್ಗೆ ಎದ್ದರೆ ಹೋಟೆಲಿನ ದಾರಿ ಹಿಡೀತಿದ್ದ ಹುಡುಗ! ಟಿಕೆಟ್ಟು ಅಪ್ಪನ ಕೈಗಿಟ್ಟಾಗ ಇವರು ಮಾತಾಡಲಿಲ್ಲ. ಮೌನಾಚಾರಿ ಅನ್ನೋ ಹೆಸರಿಗೆ ತಕ್ಕ ಹಾಗೆ ಇದ್ದದ್ದು ಅವತ್ತೊಂದೇ ದಿನ. ನಾನು ಮಗನ ತಲೆ ಸವರಿ ಒಳಗೆ ಹೋಗಿ ಅತ್ತೆ. ಇಂಥ ಮಗ ಹುಟ್ಟಿದನಲ್ಲ ಅಂತ ಈಗಲೂ ದೇವರಿಗೆ ಕೈ ಮುಗೀತೀನಿ.

ಆದರೆ ಸಂಜೆಗೆ ಎದುರುಮನೆ ದಾಕ್ಷಾಯಿಣಿ ಬಂದಳು. ಅವಳು ಹಿಂದಿನ ವರ್ಷ ಮಾವಿನಹಣ್ಣು ಬಿಟ್ಟು ಮೇಲಂತಸ್ತಿನ ಕೋಣೇಲೇ ಹೋಗಿ ಬಂದವಳು. ಟಿಕೆಟ್ಟು ಹಿಂದೆ ಮುಂದೆ ತಿರುಗಿಸಿ ನೋಡಿ, "ಅಯ್ಯೋ ಕಾಳಕ್ಕ, ಇದು ಕೆಳಗಿನ ಕೋಣೇದು" ಅಂದಳು.

"ಕೆಳಗಿಂದಾದರೆ ಏನೇ? ಮಲಗೋಕೆ ಜಾಗ ಇದ್ದರಾಯ್ತಲ್ಲ" ಅಂದೆ.

"ಮಲಗೋಕೇನೋ ಇದೆ. ಕಿಟಕಿ ಇಲ್ಲ. ನೀರಿನ ಮಟ್ಟಕ್ಕಿಂತ ಕೆಳಗೆ ಅದು. ಸಮುದ್ರ ನೋಡಬೇಕು ಅಂದ್ರೆ ಕಬ್ಬಿಣದ ಏಣಿ ಹತ್ತಿಕೊಂಡು ಮೇಲಕ್ಕೆ ಬರಬೇಕು. ಆಚಾರ್ರಿಗೆ ಹತ್ತೋಕಾಗುತ್ತಾ? ಎತ್ತಿಕೊಂಡು ಬರೋಣ ಅಂದ್ರೆ ಆ ಏಣಿ ಒಬ್ಬರಿಗೇ ಸಾಲದಷ್ಟು ಕಿರಿದು. ಮೇಲಂತಸ್ತಿಂದಾದರೆ ದಡದಿಂದ ಹಲಗೆ ಮೇಲೆ ನಡಕೊಂಡು ನೇರ ಕೋಣೆ ಒಳಕ್ಕೆ. ಬಾಗಿಲು ತೆಗೆದರೆ ಬಾಲ್ಕನಿ. ಕೂತ ಕಡೆಯಿಂದಲೇ ಸಮುದ್ರ."

ಮನೋಹರನ ಮುಖ ಸಣ್ಣಗಾಯ್ತು. "ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಅಂದ್ರೆ ಇದೇ ಕಣಮ್ಮ. ನಾನು ವಿಚಾರಿಸಬೇಕಾಗಿತ್ತು" ಅಂದ. ಇನ್ನೊಂದೇನಾದರೂ ಬಿಟ್ಟು ಮೇಲಿಂದು ಮಾಡಿಸಿ ಕೊಡ್ತೀನಿ ಅಂತ ಹೊರಟೇಬಿಟ್ಟ. ಆದರೆ ಆ ಕಚೇರಿಯ ಕಟ್ಟಳೆ ಬೇರೆ. ಕೆಳಗಿನ ಕೋಣೆ ಯಾರು ಯಾರಿಗೆ ಬೇಕಾದರೂ ಕೊಡಿಸಬಹುದು. ಮೇಲಂತಸ್ತಿಗೆ ಮಾತ್ರ ಹತ್ತೋರೇ ಕೊಡಬೇಕು. ಹತ್ತೋರು ನಾವಿಬ್ಬರು. ಇವರ ನಾಲಿಗೆ ಸತ್ತಿತ್ತು. ಉಳಿದವಳು ನಾನು.

"ಏನೂ ಬೇಡ" ಅಂದರು ಇವರು. "ಹಾಸಿಗೆ ಇದ್ದಷ್ಟು ಕಾಲು ಚಾಚಬೇಕು. ಸಮುದ್ರ ಅಂದ್ರೆ ಏನು, ನೀರು ತಾನೇ? ನಾನು ಬರೆದಿರೋದೇ ಸಾಕು. ಹಡಗು ಅಲ್ಲಾಡೋದು ಗೊತ್ತಾಗುತ್ತಲ್ಲ, ಅಷ್ಟೇ ದೊಡ್ಡದು."

ಸುಳ್ಳು. ಶುದ್ಧ ಸುಳ್ಳು. ಈ ಮನುಷ್ಯನ ಜೊತೆ ನಾನು ಬದುಕು ಮಾಡಿಲ್ಲವಾ? ಹಡಗಿಂದ ಇಳಿದವರನ್ನೆಲ್ಲ ಹಿಡಿದು ನಿಲ್ಲಿಸಿ, "ನೀಲಿ ಎಲ್ಲಿಂದ ಶುರುವಾಗುತ್ತೆ? ದಡದ ಹತ್ತಿರ ಎಂಥ ಬಣ್ಣ? ಆಕಾಶಕ್ಕೂ ನೀರಿಗೂ ಮಧ್ಯ ಗೆರೆ ಕಾಣುತ್ತಾ?" ಅಂತ ಕೇಳೋರು. ಒಬ್ಬ ಹಸಿರು ಅಂದ, ಪರದೆ ಮೇಲೆ ಹಸಿರು ಬಂತು. ಇನ್ನೊಬ್ಬಳು ಬೂದಿ ಬಣ್ಣ ಅಂದಳು, ಹಸಿರಿನ ಮೇಲೆ ಬೂದಿ ಬಂತು. ದಾಕ್ಷಾಯಿಣಿ ಬಂದು, "ನನಗೆ ಬಣ್ಣ ಗಿಣ್ಣ ನೆನಪಿಲ್ಲ, ಆಚಾರ್ರೇ, ಕೋಣೇಲಿ ಹಾಸಿಗೆ ಮಾತ್ರ ಬಲು ಮೆತ್ತಗಿತ್ತು" ಅಂದಾಗ ಇವರು ಅವಳ ಜೊತೆ ಮಾತು ಬಿಟ್ಟಿದ್ದರು. ಬಣ್ಣದ ಮೇಲೆ ಬಣ್ಣ ಬಳಿದು ಬಳಿದು ಆ ಪರದೆ ಚಾಪೆ ಥರ ದಪ್ಪಗಾಗಿದೆ.

"ನೀವು ಸುಮ್ಮನಿರಿ. ನಾನು ನೋಡಿಕೊಳ್ತೀನಿ" ಅಂದೆ. ನನಗೆ ಧೈರ್ಯ ಇತ್ತು. ಯಾಕೆ ಅಂದ್ರೆ ನಾನು ಊರಿಗೆಲ್ಲ ಹೋಳಿಗೆ ಕಾಳಮ್ಮ. ಯಾರ ಮನೇಲಿ ಹಬ್ಬವಾದರೂ ನನ್ನ ಎಲೆಗೆ ಎರಡು ಹೋಳಿಗೆ ಹೆಚ್ಚು. ನಾನು ತಕ್ಕಡಿಗೆ ಒಂದು ತಿನಿಸನ್ನೂ ಕೊಟ್ಟಿರಲಿಲ್ಲ, ಯಾವತ್ತೋ ಒಂದು ದಿನ ಬೇಕಾಗುತ್ತೆ ಅಂತ ಜತನವಾಗಿ ಉಳಿಸಿಕೊಂಡಿದ್ದೆ. ಮಾರನೇ ದಿನ ಬೆಳಗ್ಗೆ ಕಣಕ ಕಲಸಿ, ಹೂರಣ ರುಬ್ಬಿ, ತೆಳ್ಳಗೆ ಹೋಳಿಗೆ ತಟ್ಟಿ, ತುಪ್ಪ ಸವರಿ ಡಬ್ಬಿಗೆ ಹಾಕಿದೆ. ಎಲ್ಲರಿಗೂ ಊಟಕ್ಕೆ ಬಡಿಸಿ, ನನ್ನ ಊಟವನ್ನೂ ಒಂದು ಸಣ್ಣ ಡಬ್ಬಿಗೆ ತುಂಬಿಕೊಂಡೆ, ಕೆಲಸ ಮುಗಿದ ಮೇಲೆ ಹೊಳೆದಂಡೇಲಿ ಕೂತು ಉಂಡರಾಯ್ತು ಅಂತ. ಮನೋಹರ ಜೀಪಲ್ಲಿ ನಮ್ಮಿಬ್ಬರನ್ನೂ ಕರಕೊಂಡು ಹೋಗಿ ಬಿಟ್ಟ. ಇವರು ಕಚೇರಿ ಬೆಂಚಿನ ಮೇಲೆ ಮುಖ ಊದಿಸಿಕೊಂಡು ಕೂತರು.

ತಕ್ಕಡಿ ನೋಡಿಕೊಳ್ಳೋರು ನಂಜುಂಡಯ್ಯ. ಮೇಲಂತಸ್ತಿನ ಕಲ್ಲು ಎತ್ತಿ ಒಂದು ತಟ್ಟೇಲಿಟ್ಟರು. ಕಲ್ಲೇನೂ ಅಂಥ ದೊಡ್ಡದಲ್ಲ, ತೆಂಗಿನಕಾಯಿ ಗಾತ್ರ. ನಾನು ಈ ಕಡೆ ಬಾಳೆಲೆ ತುಂಡಿನ ಮೇಲೆ ಹೋಳಿಗೆ ಇಟ್ಟು ಜಂಬದಿಂದ ಸುತ್ತ ನೋಡಿದೆ. ಸಾಲಲ್ಲಿ ನಿಂತವರೆಲ್ಲ "ಇದಕ್ಕೆ ಕಲ್ಲು ಎಗರಿ ಹೊಳೆಗೆ ಬೀಳುತ್ತೆ ನೋಡಿ" ಅಂತ ನಗ್ತಿದ್ದರು. ತಕ್ಕಡಿ ಅಲ್ಲಾಡಲಿಲ್ಲ.

"ಸರಿಯಾಗಿ ಇಡಿ ನಂಜುಂಡಯ್ಯ" ಅಂದೆ. ಅವರು ತೆಗೆದು ಇಟ್ಟರು. ಊಹುಂ. ಇನ್ನೆರಡು ಹೋಳಿಗೆ ಪೇರಿಸಿದೆ. ಒಂದು ನೂಲಿನಷ್ಟೂ ಇಳಿಯಲಿಲ್ಲ.

"ಅಮ್ಮಾ, ನಿಮಗೆ ಹೋಳಿಗೆ ಮಾಡೋದು ಇಷ್ಟ ಇರಬೇಕು" ಅಂದರು ನಂಜುಂಡಯ್ಯ ಮೆಲ್ಲಗೆ. "ತಿನ್ನೋದಲ್ಲ."

ನನಗೆ ಮೈಯೆಲ್ಲ ಉರಿದುಹೋಯ್ತು. ನನ್ನ ನಾಲಿಗೆ ವಿಷಯ ಈ ನಂಜುಂಡಯ್ಯ ನನಗೆ ಹೇಳೋದಾ? ಫ್ಲಾಸ್ಕಲ್ಲಿ ಕಾಫಿ ಇತ್ತು, ಅದನ್ನ ಲೋಟಕ್ಕೆ ಬಗ್ಗಿಸಿ ಇಟ್ಟೆ. ತಟ್ಟೆ ಒಂಚೂರು ತೂಗಿ ನಿಂತಿತು. "ಇದಕ್ಕೆ ಮೇಲಂತಸ್ತಿನ ವರಾಂಡದಲ್ಲಿ ಒಂದು ಬೆಳಗಿನ ಮಟ್ಟಿಗೆ ಕುರ್ಚಿ ಕೊಡಬಹುದು ಅಷ್ಟೇ" ಅಂದರು. ಸಾಲಲ್ಲಿ ಯಾರೋ ಕಿಸಕ್ಕನೆ ನಕ್ಕರು. "ನಿಮ್ಮ ಕುರ್ಚಿ ನೀವೇ ಇಟ್ಟುಕೊಳ್ಳಿ!" ಅಂತ ನಾನು ಸಿಟ್ಟಲ್ಲಿ ಎಲ್ಲ ತೆಗೆದು ಡಬ್ಬಿ ಮುಚ್ಚಿ, ಗಂಟು ಕಟ್ಟೋಕೆ ಬಟ್ಟೆ ಹರಡಿದೆ. ಮೇಜಿನ ಮೇಲೆ ಜಾಗ ಇರಲಿಲ್ಲ ಅಂತ ನನ್ನ ಊಟದ ಆ ಸಣ್ಣ ಡಬ್ಬೀನ ಕೈಗೆ ಸಿಕ್ಕ ಕಡೆ ಇಟ್ಟೆ. ಅದು ತಕ್ಕಡಿಯ ತಟ್ಟೆ.

ಧಡ್ ಅಂತ ಸದ್ದಾಯ್ತು. ತಟ್ಟೆ ಮೇಜಿಗೆ ಬಡಿದು, ಆ ಕಡೆ ಕಲ್ಲು ಗಿರಗಿರ ಅಂತ ಮೇಲಕ್ಕೇರಿ ತೂಗಾಡ್ತಾ ಇತ್ತು.

ನಂಜುಂಡಯ್ಯ ಡಬ್ಬಿ ಮುಚ್ಚಳ ತೆಗೆದರು. ಒಳಗೆ ಏನಿತ್ತು ಅಂತ ಹೇಳೋಕೆ ನನಗೆ ಈಗಲೂ ನಾಚಿಕೆ. ಪಾತ್ರೆ ತಳದ ಸೀಕಲು. ತಪ್ಪಲೆಯಲ್ಲಿ ಅನ್ನ ಮಾಡಿದರೆ ತಳ ಹಿಡಿಯುತ್ತಲ್ಲ, ಕಂದು ಬಣ್ಣಕ್ಕೆ ತಿರುಗಿ ಗಟ್ಟಿಯಾಗಿರುತ್ತಲ್ಲ, ಅದು. ಸೌಟಲ್ಲಿ ಕೆರೆದು, ಮೇಲೆ ಮಜ್ಜಿಗೆ ಹಾಕಿ, ಒಂದು ಉಪ್ಪಿನಕಾಯಿ ಹೋಳಿಟ್ಟಿದ್ದೆ. ಮದುವೆಯಾಗಿ ಬಂದಾಗಿನಿಂದ ದಿನಾ ನನ್ನ ಊಟ ಮುಗಿಯೋದು ಅದರಲ್ಲೇ.

"ಅಯ್ಯೋ ಪಾಪ! ಸೊಸೆ ಇವರಿಗೆ ಇದನ್ನಾ ಹಾಕೋದು?" ಅಂತ ಸಾಲಲ್ಲಿ ಒಬ್ಬಳು ಅಂದಳು. "ಬಾಯಿ ಮುಚ್ಚೇ! ನನ್ನ ಸೊಸೆ ಚಿನ್ನ. ನನ್ನ ಅಡುಗೆಮನೇಲಿ ನನಗೆ ಯಾರೂ ಹಾಕಬೇಕಾಗಿಲ್ಲ, ನಾನೇ ಹಾಕ್ಕೊಳ್ಳೋಳು" ಅಂತ ಗದರಿದೆ.

ಇವರು ಬೆಂಚಿಂದ ಎದ್ದು, ಮೇಜು ಹಿಡಕೊಂಡು ಬಂದು ಡಬ್ಬಿ ಒಳಗೆ ನೋಡಿದರು. "ಇದನ್ನ ತಿಂತೀಯಾ ನೀನು? ದಿನಾ?" ಅಂದರು.

"ಹೂಂ."

"ನನಗೆ ಗೊತ್ತೇ ಇರಲಿಲ್ಲವಲ್ಲೇ."

ಗೊತ್ತಾಗೋದಾದರೂ ಹೇಗೆ ಹೇಳಿ? ಇವರು ಉಂಡು ಕೈ ತೊಳೆದು ಸ್ಟುಡಿಯೋಗೆ ಹೋದ ಮೇಲಲ್ಲವಾ ನಾನು ಕೂರೋದು. "ಬೇಡ ಕಾಳಿ, ನಡಿ ಮನೆಗೆ" ಅಂದರು. "ನಿನಗೆ ಅಂತ ಇರೋದು ಇದೊಂದು. ಇದನ್ನೂ ಕಿತ್ಕೊಂಡು ನಾನು ಸಮುದ್ರ ನೋಡಬೇಕಾ? ಆ ಸಮುದ್ರ ಬತ್ತಿ ಹೋಗಲಿ."

ನಂಜುಂಡಯ್ಯ ಒಳ್ಳೆಯವರು. "ಅವಸರ ಇಲ್ಲಮ್ಮ. ನಾಳೆ ಮಧ್ಯಾಹ್ನದವರೆಗೆ ಆ ಕೋಣೆ ನಿಮಗೇ ಇಟ್ಟಿರ್ತೀನಿ. ಯೋಚನೆ ಮಾಡಿ ಬನ್ನಿ" ಅಂದರು.

ಮನೆಗೆ ಬಂದೆವು. ಸುದ್ದಿ ನಮಗಿಂತ ಮುಂಚೆ ಬಂದಿತ್ತು. ಸೊಸೆ ಇಂದುಮತಿ ಬಾಗಿಲಲ್ಲೇ ಕಣ್ಣು ಕೆಂಪು ಮಾಡಿಕೊಂಡು ನಿಂತಿದ್ದಳು. "ಅತ್ತೇ, ನಾನು ಎಷ್ಟು ಸಲ ಕರೆದಿಲ್ಲ, ಬನ್ನಿ ಒಟ್ಟಿಗೆ ಕೂರೋಣ ಅಂತ? ಪಾತ್ರೆ ತಿಕ್ಕೋಕೆ ಅಂತ ಒಳಗಿರ್ತೀರಿ ಅಂದುಕೊಂಡಿದ್ದೆ. ಊರೋರೆಲ್ಲ ನನ್ನನ್ನ ಏನಂದುಕೊಂಡಾರು?" ಅಂದಳು. ಅವಳನ್ನ ಸಮಾಧಾನ ಮಾಡೋಕೆ ಹೋಳಿಗೆ ಕೊಟ್ಟೆ. ಅಳ್ತಾ ಅಳ್ತಾ ಎರಡು ತಿಂದಳು. ಪಾಪ, ಅವಳಿಗೆ ನಿಜವಾಗಿ ಇಷ್ಟ.

ನಾನು ಅಡುಗೆಮನೇಲಿ ಕೂತೆ, ಆ ಡಬ್ಬಿ ಮುಂದೆ ಇಟ್ಟುಕೊಂಡು. ತಿನ್ನಲಿಲ್ಲ. ದೊಡ್ಡ ತ್ಯಾಗಿ ನಾನು ಅಂತ ಯಾರೂ ತಿಳ್ಕೋಬೇಡಿ. ನನಗೆ ಜಿಪುಣತನ ಬಂದುಬಿಟ್ಟಿತ್ತು. ಮೊದಮೊದಲು ಅದನ್ನ ತಿಂದದ್ದು ಇಷ್ಟದಿಂದಲ್ಲ. ಹೊಸ ಸೊಸೆ, ಉಳಿದದ್ದು ಅದೇ, ತಿಂದೆ. ಹಸಿವಿಗೆ ರುಚಿ ಇಲ್ಲ ಅಂತಾರಲ್ಲ, ಹಾಗೆ. ಆದರೆ ಬರ್ತಾ ಬರ್ತಾ ಏನಾಯ್ತು ಗೊತ್ತಾ? ಎಲ್ಲರೂ ಉಂಡಾಗಿರುತ್ತೆ. ಮನೆ ತಣ್ಣಗಿರುತ್ತೆ. ಹಿತ್ತಿಲ ಬಾಗಿಲಿಂದ ಬಿಸಿಲು ಒಳಕ್ಕೆ ಬಿದ್ದಿರುತ್ತೆ. ಮಣೆ ಹಾಕ್ಕೊಂಡು, ಕಾಲು ಚಾಚಿ ಕೂತು, ಕರಕರ ಅಂತ ಅದನ್ನ ಅಗೀತಿದ್ದರೆ ಆ ಹೊತ್ತಲ್ಲಿ ಯಾರೂ ನನ್ನನ್ನ ಕರೆಯಲ್ಲ. ಮಜ್ಜಿಗೆ ಬೇಕು, ನೀರು ಬೇಕು, ಟವೆಲ್ ಎಲ್ಲಿ, ಏನೂ ಇಲ್ಲ. ಇಡೀ ದಿನದಲ್ಲಿ ನನ್ನದು ಅಂತ ಇದ್ದ ಹೊತ್ತು ಅದೊಂದೇ. ಅದನ್ನ ಕೊಟ್ಟು ಸಮುದ್ರ ಕೊಂಡುಕೊಳ್ಳೋದಾ? ಅದೂ ನಾನು ಆಸೆಪಡದ ಸಮುದ್ರ? ದಾಕ್ಷಾಯಿಣಿ ಮಾವಿನ ಕಾಲ ಬಂತು ಅಂದ್ರೆ ಬಾಗಿಲು ಹಾಕ್ಕೊಂಡು ಒಳಗೆ ಕೂರ್ತಾಳೆ, ವಾಸನೆ ಬರಬಾರದು ಅಂತ. ಆ ಮೆತ್ತನೆ ಹಾಸಿಗೆ ಈಗ ಎಲ್ಲಿದೆ? ಹೋಗಿ ಬಂದದ್ದು ಒಂದು ವಾರ, ಕಳಕೊಂಡದ್ದು ಜೀವಮಾನ. ಬೇಡ, ಕೊಡಲ್ಲ ಅಂತಲೇ ತೀರ್ಮಾನ ಮಾಡಿದೆ. ನಿಜ ಹೇಳ್ತಿದೀನಿ.

ಬೆಳಗ್ಗೆ ಇವರು ಮಗನ ಜೀಪು ಹತ್ತಿ ಸ್ಟುಡಿಯೋಗೆ ಹೋಗಿದ್ದರು, ನಾನು ಕಾಫಿ ತಗೊಂಡು ಹೋದೆ. ಬಾಗಿಲಲ್ಲೇ ಇವರ ದನಿ ಕೇಳಿಸಿತು. ಒಳಗೆ ದಾಕ್ಷಾಯಿಣಿಯನ್ನ ಕುರ್ಚಿ ಮೇಲೆ ಕೂರಿಸಿಕೊಂಡಿದ್ದರು! ಮಾತು ಬಿಟ್ಟವಳನ್ನ ತಾವೇ ಕರೆಸಿದ್ದರು. "ದಾಕ್ಷಾಯಿಣಮ್ಮ, ಕಣ್ಣು ಮುಚ್ಚಿಕೊಂಡು ನೆನಪು ಮಾಡಿಕೊಳ್ಳಿ" ಅಂತ ಕೇಳಿಕೊಳ್ತಿದ್ದರು. "ಬಾಲ್ಕನಿಯಿಂದ ಬಗ್ಗಿ ನೋಡಿದಾಗ ಹಡಗಿನ ಪಕ್ಕದ ನೀರು ಯಾವ ಬಣ್ಣ? ಒಂದೇ ಒಂದು ಸಲ ಹೇಳಿಬಿಡಿ. ಇನ್ನು ನಾನು ಯಾರನ್ನೂ ಕೇಳಲ್ಲ. ಇದೊಂದು ಸರಿ ಮಾಡಿ ಕುಂಚ ಕೆಳಗಿಡ್ತೀನಿ." ಅವಳು ಪಾಪ, ಕಣ್ಣು ಮುಚ್ಚಿಕೊಂಡು ಒದ್ದಾಡ್ತಿದ್ದಳು, "ನೀಲಿ ಇತ್ತೇನೋ, ಆಚಾರ್ರೇ. ಇಲ್ಲ, ಬಿಳಿ ನೊರೆ ಇತ್ತು. ಗೊತ್ತಾಗ್ತಿಲ್ಲ" ಅಂತ. ಇವರು ಪರದೆ ಮುಂದೆ ಕುಂಚ ಹಿಡಕೊಂಡು, ಊರುಗೋಲಿಗೆ ಒರಗಿಕೊಂಡು, ಅವಳ ಬಾಯನ್ನೇ ನೋಡ್ತಾ ನಿಂತಿದ್ದರು. ಆ ಮುಖ ನೋಡಿ ಕಾಫೀನ ಹೊಸ್ತಿಲ ಮೇಲೇ ಕುಕ್ಕಿದೆ.

"ರೀ!" ಅಂತ ಕೂಗಿದೆ. ಇಬ್ಬರೂ ಬೆಚ್ಚಿ ತಿರುಗಿದರು. "ಸಾಕು ಊರೋರ ಕಣ್ಣಲ್ಲಿ ನೋಡಿದ್ದು. ಕುಂಚ ಇಡ್ರೀ ಕೆಳಗೆ. ನಡೀರಿ."

"ಎಲ್ಲಿಗೇ?"

"ಎಲ್ಲಿಗಾ? ಹೊಳೆದಂಡೆಗೆ. ಇನ್ನೊಂದು ಮಾತಾಡಿದರೆ ನಿಮ್ಮನ್ನ ಇಲ್ಲೇ ಬಿಟ್ಟು ನಾನೊಬ್ಬಳೇ ಹೋಗಿ ನೋಡಿ ಬಂದು, ಏನೂ ಹೇಳಲ್ಲ!"

ಆ ಹೆದರಿಕೆಗೆ ಮನುಷ್ಯ ಬಗ್ಗಿದರು.

ಮೊದಲು ಮನೆಗೆ ಬಂದು, ಅವತ್ತು ನಾನೇ ಬೇಕಂತ ಸ್ವಲ್ಪ ಹೆಚ್ಚು ಹೊತ್ತು ಒಲೆ ಮೇಲೆ ಬಿಟ್ಟು ಅನ್ನ ಮಾಡಿದೆ. ಚೆನ್ನಾಗಿ ಹಿಡಿದಿತ್ತು. ಡಬ್ಬಿಗೆ ಹಾಕ್ಕೊಂಡು ಹೋಗಿ ತಕ್ಕಡೀಲಿಟ್ಟೆ, ಕಲ್ಲು ಎದ್ದಿತು, ನಂಜುಂಡಯ್ಯ ತಲೆ ಆಡಿಸಿದರು. ಬೆಂಚಿನ ಮೇಲೆ ಕೂತು ತಿಂದೆ. ಅವಸರ ಮಾಡಲಿಲ್ಲ. ಹಿಂದೆ ಸಾಲು ಬೆಳೀತಿತ್ತು, ಬೆಳೆಯಲಿ ಅಂದೆ. ಒಂದೊಂದು ಚೂರೂ ಅಗಿದು, ಮಜ್ಜಿಗೆ ಕುಡಿದು, ಉಪ್ಪಿನಕಾಯಿ ಹೋಳು ಚೀಪಿ, ಬೆರಳು ನೆಕ್ಕಿದೆ. ಇವರು ಪಕ್ಕದಲ್ಲಿ ನೀರಿನ ಚೊಂಬು ಹಿಡಕೊಂಡು ಕೂತಿದ್ದರು. ನಾನು ಉಣ್ಣೋದನ್ನ ಇವರು ಕೂತು ನೋಡಿದ್ದು ಅದೇ ಮೊದಲು. ಮುಗಿದ ಮೇಲೆ ನನ್ನ ಕೈಗೆ ನೀರು ಬಿಟ್ಟರು. ಆ ನೀರಿಗೆ ನನ್ನ ಕಣ್ಣೀರೂ ಎರಡು ಹನಿ ಸೇರಿತು, ಮುಚ್ಚಿಡೋದು ಯಾಕೆ?

ಹಡಗಿನ ವಿಷಯ ಜಾಸ್ತಿ ಹೇಳಲ್ಲ. ಹಾಸಿಗೆ ಮೆತ್ತಗಿತ್ತು, ದಾಕ್ಷಾಯಿಣಿ ಹೇಳಿದ್ದು ಸರಿ. ಹೊಳೆ ಅಗಲವಾಗ್ತಾ ಹೋಗಿ, ಒಂದು ಬೆಳಗ್ಗೆ ಎದ್ದು ಬಾಗಿಲು ತೆಗೆದರೆ ದಡವೇ ಇಲ್ಲ. ಇವರನ್ನ ಬಾಲ್ಕನಿ ಕುರ್ಚಿ ಮೇಲೆ ಕೂರಿಸಿದೆ. ನಾನು ನೋಡಿದ್ದು ಸಮುದ್ರ ಅಲ್ಲ, ಇವರ ಮುಖ. ಏನಂತಾರೋ ಅಂತ ಕಾದೆ. ಬಣ್ಣದ ವಿಷಯ ತೆಗೆಯಲೇ ಇಲ್ಲ. ಕಿವಿ ಆ ಕಡೆ ಕೊಟ್ಟು, "ಇದಕ್ಕೆ ಸದ್ದು ಇದೆ ಕಣೇ" ಅಂದರು. "ಒಬ್ಬ ನನ್ಮಗನೂ ಹೇಳಲಿಲ್ಲ ನೋಡು. ಎಲ್ಲರೂ ಬಣ್ಣ ಹೇಳಿದರು, ಸದ್ದಿದೆ ಅಂತ ಯಾರೂ ಹೇಳಲಿಲ್ಲ."

"ನೀವು ಕೇಳಿದ್ದು ಬಣ್ಣ ತಾನೇ?" ಅಂದೆ.

ನಗೋಕೆ ಶುರು ಮಾಡಿದರು. ನಕ್ಕು ನಕ್ಕು ಕೆಮ್ಮು ಬಂತು. "ಊರೋರನ್ನೆಲ್ಲ ಪರದೆ ಮುಂದೆ ನಿಲ್ಲಿಸಿ ಅಲ್ಲಾಡಬೇಡಿ ಅಲ್ಲಾಡಬೇಡಿ ಅಂತ ಬೈದೆ. ಇದು ಒಂದು ಗಳಿಗೆ ಸುಮ್ಮನೆ ನಿಲ್ಲುತ್ತಾ ನೋಡೇ!" ಅಂತ ಕಣ್ಣೊರೆಸಿಕೊಂಡರು. ಆಮೇಲೆ ನನ್ನ ಕೈ ಹಿಡಕೊಂಡು ಸಮುದ್ರದ ಕಡೆ ತಿರುಗಿದರು. ಹಗಲೆಲ್ಲ ಹಾಗೇ ಕೂತಿದ್ದರು. ಬಿಸಿಲು ಏರಿದಾಗ ಒಂದು ಬಣ್ಣ, ಮೋಡ ಬಂದಾಗ ಇನ್ನೊಂದು. ಊರೋರು ಹೇಳಿದ್ದೆಲ್ಲ ನಿಜವೇ ಅಂತೆ, ಹಸಿರೂ ನಿಜ, ಬೂದೀನೂ ನಿಜ. ನಾನು ಮನಸ್ಸಲ್ಲೇ ಮಗನಿಗೆ, ನಂಜುಂಡಯ್ಯನಿಗೆ, ಆ ತಪ್ಪಲೆಗೆ, ಎಲ್ಲಕ್ಕೂ ಕೈ ಮುಗಿದೆ.

ಮೇಲಂತಸ್ತಿನವರಿಗೆ ಊಟ ಕೋಣೆಗೇ ಬರುತ್ತೆ. ಹಡಗಿನ ಹೆಂಗಸು ಎರಡು ತಟ್ಟೆ ತಂದು ಬಾಲ್ಕನಿ ಮೇಜಿನ ಮೇಲಿಟ್ಟು, ಎರಡಕ್ಕೂ ಬಡಿಸಿ ಹೋದಳು. ನಾನು ಅಭ್ಯಾಸದ ಮೇಲೆ ಇವರ ತಟ್ಟೆ ಹತ್ತಿರ ಸರಿಸಿ, ಸೌಟು ಹಿಡಕೊಂಡು ಪಕ್ಕದಲ್ಲಿ ನಿಂತೆ.

"ಕೂತ್ಕೋ" ಅಂದರು.

"ನಿಮ್ಮದಾಗಲಿ."

"ಕೂತ್ಕೋ ಅಂದ್ರೆ. ನೀನು ಮೊದಲು ತಿಂದು ಹೇಗಿದೆ ಹೇಳು. ನನಗಂತೂ ಗೊತ್ತಾಗಲ್ಲ. ಬಾಯಲ್ಲಿ ಏನಿದೆ ಅಂತ ಗೊತ್ತಿಲ್ಲದೆ ನುಂಗಿ ನುಂಗಿ ಸಾಕಾಗಿದೆ."

ಕೂತೆ. ಎದುರಿಗೆ ಕೂತು ಉಣ್ಣೋಕೆ ಎಂಥ ಸಂಕೋಚ ಅಂತೀರಿ! ಒಂದು ತುತ್ತು ಬಾಯಿಗಿಟ್ಟೆ. ಸುಟ್ಟಿತು. ಬಿಸಿ ಬಿಸಿ ಅನ್ನ ಉಂಡು ಎಷ್ಟು ಕಾಲವಾಗಿತ್ತೋ, ಬಾಯಿಗೇ ಮರೆತು ಹೋಗಿತ್ತು.

"ಹೂಂ, ಹೇಳು" ಅಂದರು.

"ಸಾರಿಗೆ ಮೆಣಸು ಮುಂದಿದೆ. ಹುಳಿ ಸರಿಯಾಗಿದೆ. ಒಗ್ಗರಣೆಗೆ ಇಂಗು ಧಾರಾಳವಾಗಿ ಹಾಕಿದಾರೆ."

ಇವರು ಒಂದು ತುತ್ತು ತಿಂದು, "ಮೆಣಸು, ಹುಳಿ, ಇಂಗು" ಅಂತ ತಲೆ ಆಡಿಸಿದರು. "ಪಲ್ಯ?"

"ಹುರುಳಿಕಾಯಿ. ಎಳೇದು. ಕಾಯಿ ತುರಿ ಹಾಕೋಕೆ ಕೈ ಬಂದಿಲ್ಲ ಪಾಪ."

"ನೀನು ಮಾಡಿದ ಹಾಗಿದೆಯಾ?"

"ಎಲ್ಲಿಂದ ಬಂತು? ನಾನು ಮಾಡೋ ಹಾಗೆ ಈ ಹಡಗಿನೋರು ಕನಸಲ್ಲೂ ಮಾಡಲ್ಲ."

ಜ್ವರ ಬಂದ ಮೇಲೆ ಮೊದಲ ಸಲ ಇವರ ತಟ್ಟೆ ಖಾಲಿಯಾಯ್ತು. ರುಚಿ ವಾಪಸ್ ಬಂತು ಅಂತ ಕಥೆ ಕಟ್ಟಲ್ಲ, ಬರಲಿಲ್ಲ. ಆದರೆ ನಾನು ಹೇಳಬೇಕು, ಇವರು ಉಣ್ಣಬೇಕು, ಹಾಗಾಯ್ತು. ವಾರವಿಡೀ ಅದೇ ನಡೀತು.

ಊರಿಗೆ ಬಂದ ಮೊದಲ ದಿನ ಮಧ್ಯಾಹ್ನ ಎಲ್ಲರಿಗೂ ತಟ್ಟೆ ಹಾಕಿದೆ. ಇವರು ನಡುಮನೇಲಿ ಕೂತು ತುತ್ತೆತ್ತದೆ ಕಾಯ್ತಿದ್ದರು. "ಯಾಕಪ್ಪ, ತಣ್ಣಗಾಗುತ್ತೆ, ತಿನ್ನಿ" ಅಂತ ಮನೋಹರ ಅಂದ. "ನಿಮ್ಮಮ್ಮ ಬಂದು ಹೇಳದೆ ನನಗೆ ಏನು ಗೊತ್ತಾಗುತ್ತೋ?" ಅಂದರು. ಅಡುಗೆಮನೆ ಬಾಗಿಲಲ್ಲಿ ನಿಂತ ನನಗೆ ಕಾಲು ಮುಂದಕ್ಕೂ ಹೋಗದು, ಹಿಂದಕ್ಕೂ ಹೋಗದು. ಸೊಸೆ ಎದ್ದು ಬಂದು, ನನ್ನ ಕೈಯಿಂದ ಸೌಟು ತಗೊಂಡು, ಇವರ ಪಕ್ಕದಲ್ಲಿ ಇನ್ನೊಂದು ತಟ್ಟೆ ಹಾಕಿದಳು. ಕೂತೆ. ಅನ್ನದಿಂದ ಹಬೆ ಏಳ್ತಿತ್ತು. "ಇಂದು, ಉಪ್ಪು ಒಂಚೂರು ಕಮ್ಮಿ ಕಣಮ್ಮ" ಅಂದೆ. ಇವರು ಗಂಭೀರವಾಗಿ, "ಹೌದು, ಕಮ್ಮಿ" ಅಂತ ಸೇರಿಸಿದರು. ಎಲ್ಲರೂ ನಕ್ಕೆವು.

ಉಂಡಾದ ಮೇಲೆ ಇಂದುಮತಿ ಒಳಗಿಂದ ತಪ್ಪಲೆ ಹಿಡಕೊಂಡು ಬಂದು ನಿಂತಳು. ಇನ್ನು ನನಗೆ ಅದರಲ್ಲಿ ರುಚಿ ಇರಲ್ಲ ಅಂತ ಅವಳಿಗ್ಗೊತ್ತು. ಆದರೂ ಕೇಳದೆ ನೀರು ಹಾಕೋಕೆ ಅವಳಿಗೆ ಮನಸ್ಸು ಬರಲಿಲ್ಲ. "ಅತ್ತೇ, ತಳದ್ದು ಏನು ಮಾಡಲಿ?" ಅಂದಳು.

"ನೀರು ಹಾಕಿ ನೆನೆಯೋಕೆ ಬಿಡಮ್ಮ" ಅಂದೆ. "ನನ್ನ ಊಟ ಆಯ್ತು."